ಫೋರ್ಟ್ ವೇನ್‌ನ ಬರ್ಮೀ ದಿನಸಿ ಅಂಗಡಿ

1990ರ ದಶಕದಿಂದ ಬರ್ಮಾದ (ಈಗಿನ ಮ್ಯಾನ್ಮಾರ್) ನಿರಾಶ್ರಿತರು ಬಂದು ನೆಲೆಸಿರುವ ಅಮೆರಿಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ನಲ್ಲಿ, ಮನೆಯ ಹತ್ತಿರದ ಪುಟ್ಟ ಅಂಗಡಿಯಲ್ಲೇ ಹುದುಗಿಸಿದ ಚಹಾ ಎಲೆ, ಅಂದರೆ ಲಪೆಟ್, ಸಿಕ್ಕಿದ್ದು ನನಗೆ ಬಹಳ ಸಂತೋಷ ತಂದಿದೆ. ಎಣ್ಣೆಯಲ್ಲಿ ನೆನೆದು ಕಪ್ಪಿಗೆ ತಿರುಗಿದ ಆ ಹಸಿರು ಎಲೆಯ ಪಕ್ಕದಲ್ಲೇ ಕರಿದ ಬೇಳೆಕಾಳು, ಶೇಂಗಾ, ಎಳ್ಳು, ಗರಿಗರಿಯಾದ ಬೆಳ್ಳುಳ್ಳಿ ಚೂರುಗಳ ಪೊಟ್ಟಣವೂ ಇತ್ತು. ಇವಕ್ಕೆ ಸಣ್ಣಗೆ ಹೆಚ್ಚಿದ ಎಲೆಕೋಸು, ಟೊಮೆಟೊ, ಹಸಿಮೆಣಸು, ನಿಂಬೆರಸ ಸೇರಿಸಿ ಕೈಯಿಂದಲೇ ಸಲಾಡ್‌ನಂತೆ ಕಲಸಬೇಕು. ಒಣಸೀಗಡಿ ಹಾಕುವುದು ರೂಢಿಯಾದರೂ ಅದಿಲ್ಲದೆಯೂ ಒಗರು, ಹುಳಿ, ಖಾರ ಸೊಗಸಾಗಿ ಹೊಂದಿಕೊಳ್ಳುತ್ತವೆ. ಊರು ಬಿಟ್ಟು ಬರಬೇಕಾದವರು ತಮ್ಮ ಅಡುಗೆಮನೆಯನ್ನು ಇಷ್ಟು ಅಚ್ಚುಕಟ್ಟಾಗಿ ಇಲ್ಲಿ ಮತ್ತೆ ಕಟ್ಟಿಕೊಂಡಿರುವುದನ್ನು ಕಂಡು ಅವರ ಬಗ್ಗೆ ಗೌರವ ಹೆಚ್ಚಿತು. ಬರ್ಮಾದ ಶಾನ್ ಜನರು ಕಡಲೆಹಿಟ್ಟಿನಿಂದ ಮಾಡುವ ಶಾನ್ ತೋಫು ಯಾವ ದಿನ ತಾಜಾ ಬರುತ್ತದೆಂದು ವಿಚಾರಿಸಿಕೊಂಡು ಬಂದಿದ್ದೇನೆ.