ಟ್ರೈಲರ್ ಟೈರಿಗೆ ಕೈ ಮುಟ್ಟಿಸಿ ನೋಡಿ

ಒಮ್ಮೆ ಲೋಡ್ ಮಾಡಿದ ಟ್ರೈಲರ್ ಎಳೆದುಕೊಂಡು ಹೋಗುವಾಗ ದಾರಿಯಲ್ಲಿ ನಿಲ್ಲಿಸಿ, ಅಭ್ಯಾಸದಂತೆ ನಾಲ್ಕೂ ಟೈರಿಗೆ ಕೈ ಮುಟ್ಟಿಸುತ್ತಾ ಬಂದೆ. ಮೂರು ಬೆಚ್ಚಗಿದ್ದವು. ನಾಲ್ಕನೆಯದರ ಪಕ್ಕಕ್ಕೆ ಕೈ ಇಡೋಕೆ ಆಗಲಿಲ್ಲ, ಅಷ್ಟು ಕಾದಿತ್ತು. ಗೇಜ್ ಇಟ್ಟರೆ 41 ಪಿಎಸ್‌ಐ. ಇರಬೇಕಾದದ್ದು 65! ವಾಲ್ವ್ ಬಾಯಿಗೆ ಎಂಜಲು ಹಚ್ಚಿ ನೋಡಿದೆ, ಸಣ್ಣ ಗುಳ್ಳೆ ಎದ್ದಿತು. ಕ್ಯಾಪ್ ಇರಲಿಲ್ಲ, ವಾಲ್ವ್ ಒಳಗೆ ಮಣ್ಣು ಕೂತಿತ್ತು.

ಸ್ಟೇರಿಂಗ್‌ನಲ್ಲಿ ನನಗೆ ಏನೂ ಗೊತ್ತಾಗಿರಲಿಲ್ಲ. ಎರಡು ಆಕ್ಸಲ್ ಇರುವ ಟ್ರೈಲರ್‌ನಲ್ಲಿ ಒಂದು ಟೈರ್ ಸೋತರೆ ಪಕ್ಕದ್ದು ಸುಮ್ನೆ ಭಾರ ಹೊರುತ್ತದೆ. ಗಾಳಿ ಕಡಿಮೆಯಾದ ಟೈರ್ ಸುತ್ತು ಸುತ್ತಿಗೂ ಜಾಸ್ತಿ ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕೊನೆಗೆ ಸಿಡಿಯುತ್ತದೆ. (ಟೈರ್ ತಣ್ಣಗಿದ್ದು ಹಬ್, ಅಂದರೆ ಚಕ್ರದ ನಡುಭಾಗ, ಮಾತ್ರ ಸುಡುತ್ತಿದ್ದರೆ ಬೇರಿಂಗ್ ಅಥವಾ ಬ್ರೇಕ್ ನೋಡಿಸಿ.)

ಗಾಳಿ ನೋಡಬೇಕಾದದ್ದು ಹೊರಡುವ ಮೊದಲು, ಟೈರ್ ತಣ್ಣಗಿದ್ದಾಗ. ಗಾಡಿ ನಿಂತು ಕನಿಷ್ಠ 3 ಗಂಟೆ ಆಗಿರಲಿ. ಬೆಳಗ್ಗೆ ಬಿಸಿಲು ಬೀಳುವ ಮೊದಲೇ ನೋಡಿದರೆ ಇನ್ನೂ ಒಳ್ಳೆಯದು, ಯಾಕಂದ್ರೆ ಬಿಸಿಲಿನ ಕಡೆಯ ಟೈರ್ ನೆರಳಿನ ಕಡೆಯದಕ್ಕಿಂತ ಜಾಸ್ತಿ ತೋರಿಸುತ್ತದೆ. ಓಡಿದ ಮೇಲೆ 4ರಿಂದ 6 ಪಿಎಸ್‌ಐ ಏರುವುದು ಸಹಜ, ಭಾರ ಇದ್ದರೆ ಇನ್ನೂ ಏರಬಹುದು. ಅದನ್ನು ನೋಡಿ ಗಾಳಿ ಬಿಡಬೇಡಿ ದಯವಿಟ್ಟು. ತಣ್ಣಗಾದ ಮೇಲೆ ಅದೇ ಟೈರಿಗೆ ಗಾಳಿ ಸಾಲುವುದಿಲ್ಲ.

ಎಷ್ಟು ಹಾಕಬೇಕು? ಎಳೆಯುವ ಗಾಡಿಗೆ ಡ್ರೈವರ್ ಬಾಗಿಲಿನ ಹತ್ತಿರದ ಸ್ಟಿಕರ್ ನೋಡಿ, ಟೈರಿನ ಮೇಲಿರುವ ಗರಿಷ್ಠ ನಂಬರ್ ಅಲ್ಲ. ಆದರೆ ಟ್ರೈಲರ್ ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಎಳೆಯುವ ಗಾಡಿಯ ಕೊಂಡಿಯ ಮೇಲೆ ಕೂರುತ್ತದೆ. 2000 ಕೆಜಿ ಟ್ರೈಲರ್ ಅಂದರೆ 200ರಿಂದ 300 ಕೆಜಿ, ಎಲ್ಲಾ ಆ ಗಾಡಿಯ ಹಿಂದಿನ ಚಕ್ರಗಳ ಕಡೆಗೇ. ಅದಕ್ಕೇ ಎಷ್ಟೋ ಗಾಡಿಗಳ ಪುಸ್ತಕದಲ್ಲಿ ಫುಲ್ ಲೋಡ್‌ಗೆ ಹಿಂದಿನ ಟೈರಿನ ನಂಬರ್ ಬೇರೆ ಕೊಟ್ಟಿರುತ್ತಾರೆ, ಎಳೆಯುವ ದಿನ ಅದನ್ನೇ ಹಾಕಿ.

ಟ್ರೈಲರಿಗೆ ಅದರದ್ದೇ ಫಲಕ ಇರುತ್ತದೆ. ಎಸ್‌ಟಿ (ಸ್ಪೆಷಲ್ ಟ್ರೈಲರ್) ಅಂತ ಬರೆದ ಟ್ರೈಲರ್ ಟೈರ್ ಆದರೆ ಸಾಮಾನ್ಯವಾಗಿ ಟೈರಿನ ಮೇಲಿರುವ ಗರಿಷ್ಠ ನಂಬರೇ ಅದರಲ್ಲೂ ಇರುತ್ತದೆ: ಲೋಡ್ ರೇಂಜ್ (ಟೈರ್ ಎಷ್ಟು ಭಾರ ತಾಳುತ್ತದೆ ಅಂತ ಹೇಳುವ ಅಕ್ಷರ) ಸಿ ಆದರೆ ಸಾಮಾನ್ಯವಾಗಿ 50, ಡಿ ಆದರೆ 65, ಇ ಆದರೆ 80. ಕಾರಿನ ಟೈರಿಗೆ ಹಾಕುವ ಹಾಗೆ 32 ಹಾಕಿ ಭಾರ ಹೇರುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಖಾಲಿ ಟ್ರೈಲರ್ ಸ್ವಲ್ಪ ಜಿಗಿಯುತ್ತದೆ, ನಿಜ, ಆದರೂ ನಾನು ಗಾಳಿ ಇಳಿಸುವುದಿಲ್ಲ.

ಎಳೆಯುವ ಗಾಡಿಯ ಹಿಂದೆ ಒಂದೊಂದು ಬದಿಗೂ ಅಕ್ಕಪಕ್ಕ ಜೋಡಿ ಟೈರ್ ಇದ್ದರೆ ಒಳಗಿನದನ್ನು ಬಿಡಬೇಡಿ. ವಾಲ್ವ್‌ಗೆ ಕೈ ಸಿಗುವುದಿಲ್ಲ ಅಂತ ತುಂಬಾ ಜನ ಹೊರಗಿನದನ್ನಷ್ಟೇ ನೋಡುತ್ತಾರೆ. ಒಳಗಿನದು ಇಳಿದಿದ್ದರೂ ಹೊರಗಿನದು ಎತ್ತಿ ಹಿಡಿದಿರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಉದ್ದ ಮೂತಿಯ ಗೇಜ್ ಒಂದು ತಗೊಂಡು ಗಾಡಿಯಲ್ಲೇ ಇಟ್ಟುಕೊಳ್ಳಿ, ಜೊತೆಗೆ ನಾಲ್ಕು ವಾಲ್ವ್ ಕ್ಯಾಪ್.