ಹದಿನಾರು ಜನರ ಕಾಯರ್

2009ರ ಜುಲೈನಲ್ಲಿ ನಮ್ಮ ಕಾಲೇಜಿನ ಹದಿನಾರು ಹುಡುಗ ಹುಡುಗಿಯರು ವೇಲ್ಸ್‌ನ ಲಾಂಗೊಲೆನ್ ಎಂಬ ಪುಟ್ಟ ಊರಿನಲ್ಲಿ ನಡೆಯುವ ಅಂತರರಾಷ್ಟ್ರೀಯ ಹಾಡಿನ ಸ್ಪರ್ಧೆಯ ವೇದಿಕೆ ಹತ್ತಿ ಒಂದು ರಾಗಿ ಬೀಸುವ ಪದ, ಒಂದು ತುಳು ನೇಜಿ ಹಾಡು (ಭತ್ತದ ಸಸಿ ನೆಡುವಾಗಿನ ಹಾಡು) ಹಾಡಿದರು. ಆಲ್ಟೊ, ಅಂದರೆ ಕೆಳದನಿಯ ಹುಡುಗಿಯರ, ಸಾಲಿನ ಎಡತುದಿಯಲ್ಲಿ ನಿಂತಿದ್ದವಳು ನಾನು. ಈಗಿನ ವಿದ್ಯಾರ್ಥಿಗಳಲ್ಲಿ ಜಾಸ್ತಿ ಜನಕ್ಕೆ ಇದು ಗೊತ್ತಿಲ್ಲ ಅಂತ ಕೇಳಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಂಗಳೂರಿನಲ್ಲಿ ಕಾಯರ್, ಅಂದರೆ ಹಲವು ದನಿಗಳನ್ನು ಕೂಡಿಸಿ ಒಟ್ಟಿಗೆ ಹಾಡುವ ತಂಡ, ಹೊಸದಲ್ಲ. 1834ರಲ್ಲಿ ಬಾಸೆಲ್ ಮಿಶನ್‌ನವರು ಇಲ್ಲಿಗೆ ಬಂದ ಮೇಲೆ ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿಸಿದರು. ನಿಘಂಟಿನ ಕಿಟ್ಟೆಲ್ ಕೂಡ ಕನ್ನಡದಲ್ಲಿ ಕೀರ್ತನೆ ಬರೆದವರೇ. ಬಲ್ಮಠದ ಕಡೆ ಬೆಳೆದ ನಮ್ಮ ಗೆಳೆಯರಿಗೆ ಸೊಪ್ರಾನೊ, ಆಲ್ಟೊ (ಹೆಣ್ಣಿನ ಮೇಲ್ದನಿ, ಕೆಳದನಿ), ಟೆನರ್, ಬಾಸ್ (ಗಂಡಿನ ಮೇಲ್ದನಿ, ಕೆಳದನಿ) ಎಂಬ ನಾಲ್ಕು ದನಿಗಳು ಚಿಕ್ಕಂದಿನಿಂದ ಕಿವಿಯಲ್ಲಿದ್ದವು. ನಾನು ಬಂದದ್ದು ಕರ್ನಾಟಕ ಸಂಗೀತದ ಪಾಠದಿಂದ. ಪಕ್ಕದವರು ಬೇರೆ ಸ್ವರ ಹಿಡಿದಿರುವಾಗ ನನ್ನದನ್ನು ಬಿಡದೆ ಹಾಡುವುದು ನನಗೆ ಪೂರ್ತಿ ಹೊಸದು.

ಕಾಲೇಜಿನ ವಾರ್ಷಿಕೋತ್ಸವಕ್ಕೆ ಹಾಡುತ್ತಿದ್ದ ಕಾಯರ್ ದೊಡ್ಡದು. ಅದರಲ್ಲಿ ಹದಿನಾರು ಜನರನ್ನು ಮಾತ್ರ ಆರಿಸಿದವರು ನಮ್ಮ ಫಿಸಿಕ್ಸ್ ಮೇಡಂ. ದುಡ್ಡಿನ ಲೆಕ್ಕ ಒಂದು ಕಾರಣ ನಿಜ. ಆದರೆ ಅವರಿಗೆ ಸಣ್ಣ ಕಾಯರೇ ಬೇಕಿತ್ತು. ದೊಡ್ಡ ಗುಂಪಿನಲ್ಲಿ ಒಬ್ಬರು ಶ್ರುತಿ ಬಿಟ್ಟರೂ ಮುಚ್ಚಿಹೋಗುತ್ತದೆ. ಒಂದು ದನಿಗೆ ನಾಲ್ಕೇ ಜನ ಇದ್ದಾಗ ಉಸಿರಿಗೂ ವೇಳಾಪಟ್ಟಿ ಬೇಕು. ಇಬ್ಬರು ಒಟ್ಟಿಗೆ ಉಸಿರೆಳೆದರೆ ಆ ದನಿ ಅರ್ಧಕ್ಕೆ ಇಳಿಯುತ್ತದೆ. ಯಾರು ಯಾವ ಅಕ್ಷರದ ನಂತರ ಉಸಿರು ತೆಗೆಯಬೇಕು ಎಂದು ಪ್ರತಿಯೊಬ್ಬರ ಹಾಳೆಯಲ್ಲೂ ಮೇಡಂ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದರು. "ಪಕ್ಕದವಳ ದನಿ ಕೇಳಿಸ್ತಾ ಇಲ್ಲ ಅಂದ್ರೆ ನೀನು ಜೋರಾಗಿ ಹಾಡ್ತಿದ್ದೀಯ" ಎನ್ನುತ್ತಿದ್ದರು. ನಾನು ಕಲಿತ ಸಂಗೀತದಲ್ಲಿ ಇದಕ್ಕಿಂತ ದೊಡ್ಡ ಪಾಠ ಇಲ್ಲ.

ಗಾಂಧಾರದ, ಅಂದರೆ ಸರಿಗಮದ 'ಗ' ಸ್ವರದ, ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಸ ಗ ಪ ಒಟ್ಟಿಗೆ ನಿಂತಾಗ ನಡುವಿನ ಗ ಹೆಚ್ಚಾಗಿ ಆಲ್ಟೊದವರ ಪಾಲಿಗೆ ಬರುತ್ತಿತ್ತು. ಕೀಬೋರ್ಡಿನ ಗಾಂಧಾರ ಒಂದು ಕೂದಲೆಳೆ ಮೇಲಿರುತ್ತದೆ, ಅದನ್ನೇ ಹಿಡಿದು ಹಾಡಿದರೆ ಮೂರೂ ಸ್ವರ ಒಂದಾಗುವುದಿಲ್ಲ. ಮೇಡಂ ಕೀಬೋರ್ಡ್ ಮುಚ್ಚಿ ತಂಬೂರಿ ತರಿಸಿದರು. ತಂಬೂರಿಯ ಸಾ ತಂತಿಯೊಳಗೇ ಒಂದು ಗಾಂಧಾರ ಸಣ್ಣಗೆ ಮಿಡಿಯುತ್ತದೆ, ಕಿವಿ ಕೊಟ್ಟರೆ ಕೇಳುತ್ತದೆ ಅಲ್ವಾ, ಅದಕ್ಕೆ ನಮ್ಮ ದನಿ ಸೇರಿಸಿ ಎಂದರು. ಗಮಕ ಬೇಡ, ಅಲುಗಿಸಬೇಡಿ, ಸುಮ್ನೆ ನಿಲ್ಲಿಸಿ ಎಂದರು. ಮೊದಲ ಸಲ ಅದು ಕೂಡಿಕೊಂಡಾಗ ಇಡೀ ಕೋಣೆಯೇ ಹಾಡುತ್ತಿರುವ ಹಾಗೆ ಅನಿಸಿತು. ಮೈ ಜುಮ್ಮೆಂದಿತ್ತು.

ತಂಬೂರಿ ನಿಲ್ಲಿಸಿ ಹಾಡಿದಾಗ ಬೇರೆ ಕಷ್ಟ. ವಾದ್ಯವಿಲ್ಲದೆ ಹಾಡುವ ಕಾಯರ್ ತನಗೇ ತಿಳಿಯದಂತೆ ಕೆಳಗಿಳಿಯುತ್ತದೆ. ಹಾಡು ಮುಗಿದ ಕೂಡಲೇ ಶ್ರುತಿ ಕೊಡುವ ಪಿಚ್ ಪೈಪ್ ಊದಿ ಎಷ್ಟು ಇಳಿದಿದ್ದೇವೆ ಎಂದು ನೋಡುವುದು ನಮ್ಮ ದಿನಚರಿಯಾಯಿತು. ಸ್ಟಾಫ್ ನೊಟೇಶನ್, ಅಂದರೆ ಪಾಶ್ಚಾತ್ಯ ಸ್ವರಲಿಪಿ, ಓದಲು ಬಾರದವರಿಗಾಗಿ ನಾಲ್ಕೂ ದನಿಗಳನ್ನು ಕನ್ನಡದಲ್ಲಿ ಸರಿಗಮ ಹಾಕಿ ಬರೆದುಕೊಟ್ಟವರೂ ಮೇಡಂ.

ಇಂಗ್ಲಿಷ್ ಹಾಡು ಹಾಡಿದರೆ ತೀರ್ಪುಗಾರರಿಗೆ ಸುಲಭ ಎಂದು ಕೆಲವರು ಸಲಹೆ ಕೊಟ್ಟಿದ್ದರು. ನಾವು ಜನಪದ ವಿಭಾಗ ಆರಿಸಿಕೊಂಡೆವು. ಅದು ಸರಿಯಾದ ತೀರ್ಮಾನ ಎಂದು ನಾನು ಇವತ್ತಿಗೂ ನಂಬುತ್ತೇನೆ. ಕನ್ನಡದ ಮಾತು ಹೆಚ್ಚಾಗಿ ಅ, ಇ, ಉ ಥರದ ಸ್ವರಾಕ್ಷರದಲ್ಲೇ ಮುಗಿಯುತ್ತದೆ. ಹಾಗಾಗಿ ದನಿ ಎಲ್ಲೂ ಕಡಿಯದೆ ಹರಿಯುತ್ತದೆ. ಕಷ್ಟ ಇರುವುದು ಒತ್ತಕ್ಷರದಲ್ಲಿ. 'ಕಲ್ಲು' ಎನ್ನುವಾಗ ಹದಿನಾರು ನಾಲಿಗೆಗಳೂ ಒಂದೇ ಕ್ಷಣ ನಿಂತು, ಒಂದೇ ಕ್ಷಣ ಬಿಡಬೇಕು. ಬೀಸುವ ಪದದಲ್ಲಿ ಬಾಸ್‌ನವರು ಬಾಯಿ ಮುಚ್ಚಿ ಕಲ್ಲಿನ ಗುಂಯ್‌ಗುಡುವಿಕೆಯನ್ನು ಹಿಡಿದರೆ ಮೇಲೆ ಹೆಣ್ಣುದನಿಗಳು ತ್ರಿಪದಿ ಹಾಡುತ್ತಿದ್ದವು. ನೇಜಿ ಹಾಡಿನಲ್ಲಿ ಒಬ್ಬಳು ಎತ್ತಿಕೊಡುವುದು, ಉಳಿದವರು ಓಗೊಡುವುದು ಗದ್ದೆಯಲ್ಲೇ ಇರುವ ಪದ್ಧತಿ. ಆ ಓಗೊಡುವ ಸಾಲನ್ನೇ ನಾಲ್ಕು ದನಿಗೆ ಹಂಚಿದ್ದರು.

ಡಿಸೆಂಬರ್‌ನಲ್ಲಿ ಮನೆಮನೆಗೆ ಹೋಗಿ ಕ್ರಿಸ್ಮಸ್ ಕ್ಯಾರಲ್ ಹಾಡಿ ದುಡ್ಡು ಸೇರಿಸಿದೆವು. ಗಲ್ಫ್‌ನಲ್ಲಿದ್ದ ಹಳೆಯ ವಿದ್ಯಾರ್ಥಿಗಳು ಉಳಿದದ್ದನ್ನು ತುಂಬಿದರು. ಒಬ್ಬ ಟೆನರ್‌ನ ವೀಸಾ ಕೊನೆಯ ಗಳಿಗೆಯಲ್ಲಿ ಕೈಸೇರಿತು.

ರುವಾಬನ್ ಸ್ಟೇಷನ್‌ನಲ್ಲಿ ಇಳಿದು ಬಸ್ ಹತ್ತಿದರೆ ಲಾಂಗೊಲೆನ್. ಡೀ ನದಿ, ಕಲ್ಲಿನ ಸೇತುವೆ, ಬೆಟ್ಟದ ತುದಿಯಲ್ಲಿ ದಿನಾಸ್ ಬ್ರಾನ್ ಎಂಬ ಹಾಳುಬಿದ್ದ ಕೋಟೆ. ಕೆಲವೇ ಸಾವಿರ ಜನರ ಊರು. ಎರಡನೇ ಮಹಾಯುದ್ಧ ಮುಗಿದ ಮೇಲೆ ದೇಶದೇಶಗಳ ಜನ ಒಟ್ಟಿಗೆ ಹಾಡಲಿ ಎಂದು 1947ರಲ್ಲಿ ಈ ಊರಿನವರು ಐಸ್ಟೆಡ್‌ವೊಡ್ ಎಂಬ ಅಂತರರಾಷ್ಟ್ರೀಯ ಹಬ್ಬ ಶುರುಮಾಡಿದರು. ಆ ವರ್ಷ ಫ್ರಾನ್ಸ್‌ನಲ್ಲಿ ರೈಲು ಮುಷ್ಕರ. ಹಂಗೇರಿಯ ಒಂದು ಕಾಯರ್ ದಾರಿಯಲ್ಲಿ ಸಿಕ್ಕ ವಾಹನ ಹತ್ತಿಕೊಂಡು ಬಂದು ತಲುಪಿತ್ತು. 1955ರಲ್ಲಿ ಇಟಲಿಯ ಮೊದೆನಾ ಊರಿನ ಕಾಯರ್ ಗೆದ್ದಾಗ ಅದರಲ್ಲಿ ಬೇಕರಿ ಕೆಲಸದ ತಂದೆಯ ಜೊತೆ ಹಾಡಿದ ಹುಡುಗ ಲುಚಾನೊ ಪವರೊಟ್ಟಿ. ಮುಂದೆ ಜಗತ್ತೇ ಬಲ್ಲ ಗಾಯಕನಾದ ಮೇಲೆ 1995ರಲ್ಲಿ ಅದೇ ಊರಿಗೆ ಮತ್ತೆ ಬಂದು ಹಾಡಿದ. ರಿಹರ್ಸಲ್‌ನಲ್ಲಿ ನಾವು ಸೋತು ಕೂತಾಗಲೆಲ್ಲ ಮೇಡಂ ಈ ಎರಡು ಕತೆ ಹೇಳುತ್ತಿದ್ದರು.

ನಮ್ಮನ್ನು ಉಳಿಸಿಕೊಂಡದ್ದು ಊರಿನವರ ಮನೆಗಳಲ್ಲಿ. ನಾನಿದ್ದ ಮನೆಯ ಅಜ್ಜಿ ಬೆಳಗಿನ ತಿಂಡಿಯ ಹೊತ್ತಿಗೆ ನೇಜಿ ಹಾಡಿನ ಓಗೊಡುವ ಸಾಲು ಕಲಿತುಬಿಟ್ಟಿದ್ದರು.

ಬಹುಮಾನ ಬರಲಿಲ್ಲ. ಮಾತುಗಳು ಒಂದೇ ಬಾಯಿಂದ ಬಂದಂತಿವೆ ಎಂದು ತೀರ್ಪುಗಾರರು ಮೆಚ್ಚಿದರು. ಮೆಲುದನಿಗೂ ಏರುದನಿಗೂ ನಡುವೆ ಇನ್ನಷ್ಟು ಅಂತರ ಬೇಕಿತ್ತು ಎಂದರು. ಎರಡೂ ನಿಜವೇ. ಮರುವರ್ಷ, 2010ರಲ್ಲಿ, ಚೀನಾದ ಶಾವೊಶಿಂಗ್‌ನಲ್ಲಿ ನಡೆದ ವಿಶ್ವ ಕಾಯರ್ ಗೇಮ್ಸ್‌ನಲ್ಲಿ ಶಿಲ್ಲಾಂಗ್ ಚೇಂಬರ್ ಕಾಯರ್ ಮೂರು ಚಿನ್ನ ಗೆದ್ದ ಸುದ್ದಿ ಓದಿ ನಮ್ಮಲ್ಲಿ ಎಷ್ಟೋ ಜನ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡೆವು. ನಮ್ಮವರೇ ಗೆದ್ದಷ್ಟು ಖುಷಿ.

ಈ ವರ್ಷ ಕಾಲೇಜಿನಲ್ಲಿ ಸಣ್ಣ ಕಾಯರ್ ಮತ್ತೆ ಕಟ್ಟುತ್ತಿದ್ದಾರಂತೆ. ಆ ಎರಡು ಹಾಡುಗಳ ನೊಟೇಶನ್ ಲೈಬ್ರರಿಯಲ್ಲಿದೆ. ಆದರೆ ಹೊರಡುವ ಮುಂಚೆ ಮೇಡಂ ಬೀಸುವ ಪದದ ಕೊನೆಯ ತ್ರಿಪದಿಯಲ್ಲಿ ಟೆನರ್ ಸಾಲನ್ನು ಬದಲಿಸಿದ್ದರು. ಆ ತಿದ್ದುಪಡಿ ಲೈಬ್ರರಿಯ ಪ್ರತಿಯಲ್ಲಿಲ್ಲ, ನನ್ನ ಪ್ರತಿಯಲ್ಲಿದೆ. ಅದರ ಜೆರಾಕ್ಸ್ ಮಾಡಿಸಿ ಈ ಬರಹದ ಜೊತೆ ಕಳಿಸಿದ್ದೇನೆ. ಹಾಡುವಾಗ ಅದನ್ನೇ ಹಾಡಿ.