ಅಜ್ಜಿಯ ಊರು ಪ್ಯಾರಿಸ್‌ಗಿಂತ ಹತ್ತಿರ

ರಜೆಗೆ ಊರಿಗೆ ಹೋಗುವ ಖುಷಿಯಲ್ಲಿ ಮಗಳು ಮೊಬೈಲ್ ಮ್ಯಾಪಿನ ಮೇಲೆ ಗೆರೆ ಎಳೆಯುತ್ತಾ ಕೂತಿದ್ದಳು. ನಾವಿರುವ ಫ್ರಾನ್ಸಿನ ಲಿಯೋನ್‌ನಿಂದ ಪ್ಯಾರಿಸ್‌ಗೆ ನೇರ ಗೆರೆಯಲ್ಲಿ ಸುಮಾರು 390 ಕಿಲೋಮೀಟರ್. ಬೆಂಗಳೂರಿನಿಂದ ಅಜ್ಜಿಯ ಊರು ಹುಬ್ಬಳ್ಳಿಗೆ ಸುಮಾರು 380. "ಅಪ್ಪಾ, ಅಜ್ಜಿ ಊರೇ ಹತ್ತಿರ ಅಲ್ವಾ? ಮತ್ತೆ ಅಲ್ಲಿಗೆ ಹೋಗೋಕೆ ಯಾಕೆ ಅಷ್ಟು ಹೊತ್ತು ಬೇಕು?" ಅಂದಳು.

ಏನೋ ಒಂದು ಉತ್ತರ ಹೇಳಿದೆ. ಆದರೆ ಆ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ.

ಲಿಯೋನ್‌ನಿಂದ ಪ್ಯಾರಿಸ್‌ಗೆ ವಿಮಾನ ಒಂದು ತಾಸು ಹತ್ತು ನಿಮಿಷ. ಆದರೆ ವಿಮಾನ ನಿಲ್ದಾಣ ಊರಾಚೆ. ಟ್ರಾಮ್‌ನಲ್ಲಿ ಅರ್ಧ ತಾಸು, ತಪಾಸಣೆಯ ಸಾಲು, ಇಳಿದ ಮೇಲೆ ಮತ್ತೆ ಪ್ಯಾರಿಸ್ ಒಳಗೆ ಹೋಗಬೇಕು. ಎಲ್ಲ ಸೇರಿದರೆ ಮೂರು ತಾಸು ದಾಟುತ್ತದೆ. ರೈಲು ಊರ ನಡುವೆ ಹತ್ತಿಸಿಕೊಂಡು ಊರ ನಡುವೆಯೇ ಇಳಿಸುತ್ತದೆ, ಎರಡೇ ತಾಸಿನಲ್ಲಿ. ಎರಡೂವರೆ ತಾಸಿನೊಳಗೆ ರೈಲಿನಲ್ಲಿ ಹೋಗಬಹುದಾದ ಕಡೆಗೆ ವಿಮಾನ ಬೇಡ ಅಂತ 2023ರಲ್ಲಿ ಇಲ್ಲಿನ ಸರ್ಕಾರ ನಿಯಮವನ್ನೇ ತಂದಿತು. ಪ್ಯಾರಿಸ್‌ನ ಓರ್ಲಿ ವಿಮಾನ ನಿಲ್ದಾಣದಿಂದ ಲಿಯೋನ್, ನಾಂತ್, ಬೋರ್ಡೋ, ಈ ಮೂರು ಊರಿಗೆ ಅದು ಅನ್ವಯವಾಯಿತು. ಮುಂದೆ ಬೇರೆ ವಿಮಾನ ಹಿಡಿಯುವವರಿಗೆ ಇನ್ನೊಂದು ನಿಲ್ದಾಣದಿಂದ ಸೌಲಭ್ಯ ಇದೆ, ಅದು ಬೇರೆ ಮಾತು.

ನಮ್ಮ ಪಕ್ಕದ ಮನೆಯಾಕೆಗೆ ಎಪ್ಪತ್ತು ದಾಟಿದೆ. ಬೆಳಿಗ್ಗೆ ಪ್ಯಾರಿಸ್‌ಗೆ ಹೋಗಿ, ತಂಗಿಯ ಮನೆಯಲ್ಲಿ ಊಟ ಮಾಡಿ, ಸಂಜೆ ಬಂದು ಗಿಡಕ್ಕೆ ನೀರು ಹಾಕುತ್ತಾರೆ. ತಾವು ಚಿಕ್ಕವರಿದ್ದಾಗ ನಾಲ್ಕು ತಾಸಿನ ಹಾದಿ ಇತ್ತು ಎನ್ನುತ್ತಾರೆ. 1981ರಲ್ಲಿ ವೇಗದ ರೈಲು ಶುರುವಾಯಿತು. 1983ರಲ್ಲಿ ಹೊಸ ಹಳಿ ಪೂರ್ತಿಯಾದ ಮೇಲೆ ಎರಡು ತಾಸಿಗೆ ಇಳಿಯಿತು. ಅಂದರೆ ನಲವತ್ತು ವರ್ಷಕ್ಕೂ ಹಿಂದಿನ ಮಾತು.

ನಮ್ಮ ಅವ್ವನಿಗೂ ಹೆಚ್ಚುಕಡಿಮೆ ಅದೇ ವಯಸ್ಸು. ನಾನು ಬೆಂಗಳೂರಿನಲ್ಲಿ ನೌಕರಿ ಮಾಡುವಾಗ ರಾತ್ರಿ ಬಸ್ಸಿಗೆ ಬರುತ್ತಿದ್ದಳು. ಇಡೀ ರಾತ್ರಿ ಕಾಲು ಇಳಿಬಿಟ್ಟು ಕೂತು ಪಾದ ಬಾತುಕೊಳ್ಳುತ್ತಿತ್ತು. ಮೆಜೆಸ್ಟಿಕ್‌ನಲ್ಲಿ ಇಳಿದಾಗ ಚಪ್ಪಲಿ ಕಾಲಿಗೆ ಹಿಡಿಯುತ್ತಿರಲಿಲ್ಲ, ಕೈಯಲ್ಲೇ ಹಿಡ್ಕೊಂಡು ಆಟೋ ಹತ್ತುತ್ತಿದ್ದಳು. ಆಮೇಲೆ ಬರುವುದನ್ನೇ ಬಿಟ್ಟಳು. ಒಂದೇ ರಾಜ್ಯ, ಒಂದೇ ಭಾಷೆ. ಆದರೂ ಮಗನ ಮನೆ ಅವಳಿಗೆ ಪರದೇಶದಷ್ಟು ದೂರವಾಯಿತು.

ಈಗ ವಂದೇ ಭಾರತ್ ಇದೆ. 2023ರಿಂದ ಬೆಂಗಳೂರು–ಧಾರವಾಡ ಓಡುತ್ತಿದೆ, ಹುಬ್ಬಳ್ಳಿಗೆ ಸುಮಾರು ಐದು ತಾಸು. ಒಳ್ಳೆಯದೇ ಆಯಿತು, ಮನಸಾರೆ ಹೇಳುತ್ತೇನೆ. ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮ್ ಪ್ರಪಂಚದಲ್ಲೇ ಉದ್ದದ್ದು ಅಂತ ಇಲ್ಲಿನವರ ಮುಂದೆ ಎದೆಯುಬ್ಬಿಸಿ ಹೇಳಿದ್ದೇನೆ. ಆದರೆ ಲಿಯೋನ್‌ನವರಿಗೆ ನಲವತ್ತು ವರ್ಷದ ಹಿಂದೆ ಸಿಕ್ಕಿದ್ದು ನಮ್ಮವರಿಗೆ ಇನ್ನೂ ಯಾಕೆ ಸಿಕ್ಕಿಲ್ಲ? ಬೆಂಗಳೂರಿನಲ್ಲಿ ದುಡಿಯುವ ಉತ್ತರ ಕರ್ನಾಟಕದ ಮಕ್ಕಳು ಒಂದೆರಡಲ್ಲ. ಹಬ್ಬ ಬಂದರೆ ಟಿಕೆಟ್‌ಗೆ ಪರದಾಡುತ್ತಾರೆ. ಈ ಹಾದಿ ಎರಡೂವರೆ ತಾಸಿಗೆ ಇಳಿಯಲೇಬೇಕು ಅಂತ ನಾವು ಗಟ್ಟಿಯಾಗಿ ಕೇಳಿದ್ದೇ ಇಲ್ಲ.

ಪಕ್ಕದ ಮನೆಯಾಕೆಯ ವಿಷಯವನ್ನು ಅವ್ವನಿಗೆ ಫೋನಿನಲ್ಲಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ನಿದ್ದು ಅಂದಳು: "ಎರಡು ತಾಸಿನಾಗ ಬೆಂಗ್ಳೂರು ಮುಟ್ಟೂದಿದ್ರ, ನೀ ಅಲ್ಲಿದ್ದಾಗ ನಾ ವಾರಕ್ಕೊಮ್ಮೆ ಬರ್ತಿದ್ನಲ್ಲೋ."